ಮ್ಯಾಚ್ ಪರ್ಸೆಂಟೇಜ್ ನೋಡಿ ಜೋಡಿ ಹುಡುಕೋ ಡೇಟಿಂಗ್ ಆ್ಯಪ್‌ಗಳು: ಪದೇ ಪದೇ ಕೇಳೋ ಪ್ರಶ್ನೆಗಳು

ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ನನ್ನ ಚಿಕ್ಕಮ್ಮನ ಮಗಳು ಒಂದು ಸ್ಕ್ರೀನ್‌ಶಾಟ್ ಕಳಿಸಿ "ಅಕ್ಕಾ 92% ಬಂದಿದೆ, ಇವ್ರೇ ಅನ್ಕೊಳ್ಲಾ" ಅಂತ ಕೇಳಿದ್ಲು. ಅದಕ್ಕೆ ಮುಂಚೆ ಆಫೀಸಲ್ಲಿ ಇಬ್ರು ಇದನ್ನೇ ಕೇಳಿದ್ರು, ಅದಕ್ಕೂ ಮುಂಚೆ ಕಾಲೇಜ್ ಫ್ರೆಂಡ್ ಒಬ್ಳು ಡಿವೋರ್ಸ್ ಆದ್ಮೇಲೆ ಮೊದಲ್ನೇ ಸಲ ಪ್ರೊಫೈಲ್ ಮಾಡೋವಾಗ ಕೇಳಿದ್ಲು. ನಾನು ಹಾಸನದ ಕಡೆಯವಳು, ಬೆಂಗಳೂರಲ್ಲಿ ಕೆಲಸ, ನಾಲ್ಕು ವರ್ಷ ಇಂಥ ಆ್ಯಪ್‌ಗಳಲ್ಲಿ ಇದ್ದೆ, ನಮ್ಮನೆಯವ್ರು ಸಿಕ್ಕಿದ್ದೂ ಅಲ್ಲೇ. ಎಲ್ರಿಗೂ ಬೇರೆ ಬೇರೆ ಮೆಸೇಜ್ ಹಾಕೋ ಬದ್ಲು ಒಂದೇ ಕಡೆ ಬರ್ದಿಡ್ತಿದೀನಿ, ನಿಮಗೆ ಬೇಕಾದ ಪ್ರಶ್ನೆ ಹುಡುಕ್ಕೊಂಡು ಓದಿ.

ಕಂಪ್ಯಾಟಿಬಿಲಿಟಿ (ಹೊಂದಾಣಿಕೆ) ಅಂದ್ರೆ ಜಾತಕ ಕೂಡಿ ಬರೋ ತರನಾ?

ಮೇಲ್ನೋಟಕ್ಕೆ ಹಾಗೇ ಅನ್ಸತ್ತೆ, ಎರಡ್ರಲ್ಲೂ ಕೊನೆಗೆ ಒಂದು ಅಂಕಿ ಬರತ್ತಲ್ಲ. ಅಷ್ಟಕೂಟದಲ್ಲಿ ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಗೆ 7, ನಾಡಿಗೆ 8, ಒಟ್ಟು 36 ಗುಣ, ಸಾಮಾನ್ಯವಾಗಿ 18 ದಾಟಿದ್ರೆ ಪರವಾಗಿಲ್ಲ ಅಂತಾರೆ. ಅದು ಹುಟ್ಟಿದ ಹೊತ್ತಿನ ಲೆಕ್ಕ. ಆ್ಯಪಿನ ಲೆಕ್ಕ ನೀವೇ ಕೊಟ್ಟ ಉತ್ತರಗಳದ್ದು: ಮಕ್ಕಳು ಬೇಕಾ, ದೇವರನ್ನ ನಂಬ್ತೀರಾ, ಜಗಳ ಆದ್ರೆ ತಕ್ಷಣ ಮಾತಾಡ್ತೀರಾ ಇಲ್ಲ ಎರಡು ದಿನ ಸುಮ್ನಿರ್ತೀರಾ, ಇಂಥವು. ಇಬ್ರ ಉತ್ತರ ಪಕ್ಕಪಕ್ಕ ಇಟ್ಟು ಎಷ್ಟು ಹೊಂದತ್ತೆ ಅಂತ ಕೂಡ್ತಾರೆ. ಒಂದು ವ್ಯತ್ಯಾಸ ಮಾತ್ರ ನೆನಪಿರ್ಲಿ, ಜಾತಕದಲ್ಲಿ ನೀವು ಸುಳ್ಳು ಹೇಳಕ್ಕಾಗಲ್ಲ (ಹುಟ್ಟಿದ ಟೈಮ್ ತಿದ್ದಿಸೋ ಮನೆಗಳೂ ಇವೆ ಅನ್ನೋದು ಬೇರೆ ಮಾತು), ಇಲ್ಲಿ ಆರಾಮಾಗಿ ಹೇಳಬಹುದು, ತುಂಬ ಜನ ಹೇಳ್ತಾರೆ ಕೂಡ.

ಇದೆಲ್ಲ ಸ್ಮಾರ್ಟ್‌ಫೋನ್ ಬಂದ್ಮೇಲೆ ಶುರು ಆಗಿದ್ದಲ್ವಾ?

ಅಲ್ಲ. 1965ರಲ್ಲೇ ಅಮೆರಿಕದ ಹಾರ್ವರ್ಡ್ ಸ್ಟೂಡೆಂಟ್ಸು ಜೆಫ್ ಟಾರ್, ವಾನ್ ಮಾರಿಲ್ ಅನ್ನೋರು ಆಪರೇಷನ್ ಮ್ಯಾಚ್ ಅಂತ ಶುರು ಮಾಡಿದ್ರು. ಮೂರು ಡಾಲರ್ ಕೊಟ್ಟು ಪ್ರಶ್ನೆಪತ್ರಿಕೆ ತುಂಬಿ ಕಳ್ಸಬೇಕಿತ್ತು, ನಿಮ್ಮ ಬಗ್ಗೆ ಒಂದ್ಸಲ, ನಿಮಗೆ ಬೇಕಾದೋರ ಬಗ್ಗೆ ಇನ್ನೊಂದ್ಸಲ. ಅದನ್ನ ಒಂದು ಕೋಣೆ ತುಂಬ ಇರ್ತಿದ್ದ ಐಬಿಎಂ 7090 ಕಂಪ್ಯೂಟರಿಗೆ ಹಾಕಿ, ಹೊಂದೋರ ಹೆಸರು ಫೋನ್ ನಂಬರ್ ಪಟ್ಟೀನ ಅಂಚೆಯಲ್ಲಿ ಕಳಿಸ್ತಿದ್ರು. ಆಮೇಲೆ ವೆಬ್ ಬಂತು, 1995ರಲ್ಲಿ ಮ್ಯಾಚ್ ಡಾಟ್ ಕಾಮ್, 2000ದಲ್ಲಿ ನೀಲ್ ಕ್ಲಾರ್ಕ್ ವಾರನ್ ಅನ್ನೋ ಮನಶ್ಶಾಸ್ತ್ರಜ್ಞರ ಇ-ಹಾರ್ಮನಿ, 2004ರಲ್ಲಿ ಓಕೆಕ್ಯುಪಿಡ್. ಇ-ಹಾರ್ಮನಿಯವ್ರು 29 ಆಯಾಮ ಅಂತ ಇಟ್ಕೊಂಡು ನೂರಾರು ಪ್ರಶ್ನೆ ಕೇಳ್ತಿದ್ರು, ಒಂದು ಸಂಜೆ ಪೂರ್ತಿ ಬೇಕಿತ್ತು ಅದನ್ನ ತುಂಬೋಕೆ. 2012ರಲ್ಲಿ ಟಿಂಡರ್ ಬಂದಾದ್ಮೇಲೆ ಎಲ್ಲ ಉಲ್ಟಾ ಆಯ್ತು, ಫೋಟೋ ಮೊದಲು, ಪ್ರಶ್ನೆ ಆಮೇಲೆ.

ಆ 87%, 92% ಅಂಕಿ ಎಲ್ಲಿಂದ ಬರತ್ತೆ?

ಪ್ರತಿ ಕಂಪನಿ ತನ್ನ ಲೆಕ್ಕ ಗುಟ್ಟಾಗೇ ಇಟ್ಕೊಂಡಿರತ್ತೆ, ಆದ್ರೆ ಓಕೆಕ್ಯುಪಿಡ್ ಶುರು ಮಾಡಿದ ಗಣಿತದ ಹುಡುಗರು ತಮ್ಮ ಲೆಕ್ಕಾನ ಬಹಿರಂಗವಾಗೇ ವಿವರಿಸಿದ್ರು, ಅದನ್ನ ಅರ್ಥ ಮಾಡ್ಕೊಂಡ್ರೆ ಉಳಿದವೂ ಅಂದಾಜಾಗತ್ತೆ. ಪ್ರತಿ ಪ್ರಶ್ನೆಗೆ ನೀವು ಮೂರು ವಿಷಯ ಹೇಳ್ತೀರಿ: ನಿಮ್ಮ ಉತ್ತರ, ಎದುರಿನೋರು ಯಾವ ಉತ್ತರ ಕೊಟ್ರೆ ನಿಮಗೆ ಒಪ್ಪಿಗೆ, ಮತ್ತೆ ಅದು ನಿಮಗೆಷ್ಟು ಮುಖ್ಯ. ಮೊದಲಿನ ವರ್ಷಗಳಲ್ಲಿ ಆ ಮುಖ್ಯ ಅನ್ನೋದಕ್ಕೆ ತೂಕ ಹೀಗಿತ್ತು, ಲೆಕ್ಕಕ್ಕಿಲ್ಲ ಅಂದ್ರೆ 0, ಸ್ವಲ್ಪ ಅಂದ್ರೆ 1, ತಕ್ಕಮಟ್ಟಿಗೆ ಅಂದ್ರೆ 10, ತುಂಬಾ ಅಂದ್ರೆ 50, ಇದಿಲ್ಲದೆ ಆಗೋದೇ ಇಲ್ಲ ಅಂದ್ರೆ 250.

ಎರಡೇ ಪ್ರಶ್ನೆ ಇಟ್ಕೊಂಡು ನೋಡಿ. ಸಿಗರೇಟ್ ಸೇದ್ಬಾರ್ದು ಅನ್ನೋದು ನಿಮಗೆ 50, ಬೆಳಗ್ಗೆ ಬೇಗ ಏಳ್ಬೇಕು ಅನ್ನೋದು 1. ಅವ್ರು ಸೇದಲ್ಲ, ಆದ್ರೆ ಹತ್ತು ಗಂಟೆ ತನಕ ಮಲಗ್ತಾರೆ. ನಿಮಗೆ 51ಕ್ಕೆ 50 ಸಿಕ್ತು, ಅಂದ್ರೆ 98% ತೃಪ್ತಿ. ಈಗ ಅವ್ರ ಕಡೆಯಿಂದ, ಅವ್ರಿಗೆ ಸಿಗರೇಟ್ ವಿಷ್ಯ 1, ಆದ್ರೆ ತನ್ನ ತರನೇ ತಡವಾಗಿ ಏಳೋರು ಬೇಕು ಅನ್ನೋದು 10. ನೀವು ಐದೂವರೆಗೆ ಏಳೋರು. ಅವ್ರಿಗೆ 11ಕ್ಕೆ 1, ಅಂದ್ರೆ 9% ಚಿಲ್ರೆ. ಸುಮ್ನೆ ಸರಾಸರಿ ತೆಗೆದ್ರೆ 53ರ ಮೇಲೆ ಬರತ್ತೆ, ಅದು ಸುಳ್ಳು ಚಿತ್ರ, ಯಾಕಂದ್ರೆ ಒಬ್ರಿಗೆ ಪೂರ್ತಿ ಇಷ್ಟ ಇನ್ನೊಬ್ರಿಗೆ ಪೂರ್ತಿ ಬೇಡ. ಅದಕ್ಕೆ ಇವ್ರು ಎರಡನ್ನೂ ಗುಣಿಸಿ ವರ್ಗಮೂಲ ತೆಗೀತಾರೆ, ಸುಮಾರು 30% ಬರತ್ತೆ. ಒಂದು ಕೈಯಿಂದ ಚಪ್ಪಾಳೆ ಆಗಲ್ಲ ಅನ್ನೋದನ್ನ ಲೆಕ್ಕದಲ್ಲಿ ಕೂರಿಸಿದ್ದು ನನಗೆ ಈಗ್ಲೂ ಚೆನ್ನಾಗನ್ಸತ್ತೆ. ಜೊತೆಗೆ ಇಬ್ರೂ ಉತ್ತರಿಸಿರೋ ಪ್ರಶ್ನೆ ಕಮ್ಮಿ ಇದ್ರೆ ಅಂಕ ತಾನಾಗೇ ಕತ್ತರಿಸ್ತಿದ್ರು, ಹತ್ತೇ ಪ್ರಶ್ನೆ ಕಾಮನ್ ಇದ್ರೆ 90 ದಾಟೋಕೆ ಬಿಡ್ತಿರ್ಲಿಲ್ಲ, ಐವತ್ತಿದ್ರೆ 98 ತನಕ. ಅದಕ್ಕೇ ಯಾರಾದ್ರೂ ಸ್ಕ್ರೀನ್‌ಶಾಟ್ ಕಳಿಸಿದ್ರೆ ನಾನು ಮೊದಲು ಕೇಳೋದು, ಎಷ್ಟು ಪ್ರಶ್ನೆಗೆ ಉತ್ತರ ಕೊಟ್ಟಿದೀರಾ ಅಂತ.

ಹಿಂಜ್ ಅನ್ನೋ ಡೇಟಿಂಗ್ ಆ್ಯಪಲ್ಲಿ "ಮೋಸ್ಟ್ ಕಂಪ್ಯಾಟಿಬಲ್" ಅಂತ ದಿನಾ ಒಬ್ರನ್ನ ತೋರಿಸ್ತಾರಲ್ಲ, ಅದು ಹೇಗೆ?

ಅದು ಬೇರೆ ದಾರಿ. 1962ರಲ್ಲಿ ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ ಅನ್ನೋ ಗಣಿತಜ್ಞರು ಕಾಲೇಜ್ ಸೀಟು ಮತ್ತೆ ಮದುವೆ ಎರಡಕ್ಕೂ ಆಗೋ ಒಂದು ವಿಧಾನ ಬರೆದ್ರು. ನಮ್ಮ ಸಿಇಟಿ ಆಪ್ಷನ್ ಎಂಟ್ರಿ ನೆನಪು ಮಾಡ್ಕೊಳ್ಳಿ, ಆದ್ರೆ ಇಲ್ಲಿ ಕಾಲೇಜಿಗೂ ಯಾವ ಸ್ಟೂಡೆಂಟ್ ಇಷ್ಟ ಅಂತ ತನ್ನದೇ ಪಟ್ಟಿ ಇರತ್ತೆ ಅನ್ಕೊಳ್ಳಿ. ಎಲ್ರನ್ನೂ ಜೋಡಿ ಮಾಡಿದ್ಮೇಲೆ, ಈಗಿರೋ ಜೋಡಿ ಬಿಟ್ಟು ನಾವಿಬ್ರು ಸೇರ್ಕೊಂಡ್ರೆ ಇಬ್ರಿಗೂ ಇನ್ನೂ ಚೆನ್ನಾಗಿರತ್ತೆ ಅನ್ನೋ ಇಬ್ರು ಎಲ್ಲೂ ಉಳಿದಿರಬಾರದು, ಅದು ಇದರ ಗುರಿ. ಶಾಪ್ಲಿಯವ್ರಿಗೆ 2012ರಲ್ಲಿ ಆಲ್ವಿನ್ ರಾತ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. 2018ರಲ್ಲಿ ಹಿಂಜ್ ಅದನ್ನೇ ಬಳಸಿ ಈ ಫೀಚರ್ ತಂತು. ಇಲ್ಲಿ ನೀವು ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ರಿ ಅನ್ನೋದಕ್ಕಿಂತ ಯಾರ್ಯಾರಿಗೆ ಲೈಕ್ ಕೊಟ್ರಿ, ಯಾರನ್ನ ಬಿಟ್ರಿ ಅನ್ನೋದ್ರಿಂದ ಪಟ್ಟಿ ಊಹಿಸ್ತಾರೆ. ಹಾಗಾಗಿ ಬಸ್ಸಲ್ಲಿ ನಿಂತ್ಕೊಂಡು ಬೇಜಾರಿಗೆ ಕಂಡ ಕಂಡೋರಿಗೆಲ್ಲ ಲೈಕ್ ಒತ್ತಿದ್ರೆ ನಿಮ್ಮ ಪಟ್ಟಿ ಕೆಡೋದು ನಿಮ್ಮಿಂದಲೇ.

ಹಾಗಾದ್ರೆ 90% ಬಂದೋರ ಜೊತೆ ಸಂಸಾರ ಚೆನ್ನಾಗಿರತ್ತೆ ಅಂತ ತಾನೆ?

ಇಲ್ಲ. ಇದೊಂದು ಮಾತ್ರ ದಯವಿಟ್ಟು ಪೂರ್ತಿ ಓದಿ.

2012ರಲ್ಲಿ ಈಲೈ ಫಿಂಕೆಲ್ ಮತ್ತೆ ಅವ್ರ ಜೊತೆಗಾರ ಮನಶ್ಶಾಸ್ತ್ರಜ್ಞರು ಆನ್‌ಲೈನ್ ಡೇಟಿಂಗ್ ಬಗ್ಗೆ ಅಲ್ಲೀವರೆಗೆ ಬಂದಿದ್ದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ, ಆ್ಯಪ್‌ಗಳ ಈ ಲೆಕ್ಕದ ವಿಧಾನಗಳು (ಅಲ್ಗಾರಿದಮ್) ಬೇರೆ ರೀತಿ ಜೋಡಿ ಹುಡುಕೋದಕ್ಕಿಂತ ಮೇಲು ಅನ್ನೋದಕ್ಕೆ ನಂಬೋ ಅಂಥ ಸಾಕ್ಷಿ ಇಲ್ಲ ಅಂತ ಬರೆದ್ರು. 2017ರಲ್ಲಿ ಸಮಂತಾ ಜೋಯೆಲ್, ಪಾಲ್ ಈಸ್ಟ್‌ವಿಕ್, ಫಿಂಕೆಲ್ ಮೂವರೂ ಸೇರಿ ಇನ್ನೂ ನೇರವಾಗಿ ಪರೀಕ್ಷೆ ಮಾಡಿದ್ರು. ಸ್ಪೀಡ್ ಡೇಟಿಂಗಿಗೆ ಬಂದೋರ ಹತ್ರ ಮೊದಲೇ ನೂರಕ್ಕೂ ಹೆಚ್ಚು ವಿಷಯ ಕೇಳಿ, ಸ್ವಭಾವ, ಮೌಲ್ಯ, ಏನು ಬೇಕು ಏನು ಬೇಡ ಎಲ್ಲ, ಅದನ್ನ ಮಷಿನ್ ಲರ್ನಿಂಗಿಗೆ (ಮಾಹಿತಿ ನೋಡಿ ತಾನೇ ಕಲಿಯೋ ಕಂಪ್ಯೂಟರ್ ಪ್ರೋಗ್ರಾಂ) ಹಾಕಿ ಯಾರಿಗೆ ಯಾರು ಇಷ್ಟ ಆಗ್ತಾರೆ ಹೇಳು ಅಂದ್ರು. ಯಾರು ಸಾಮಾನ್ಯವಾಗಿ ಎಲ್ರನ್ನೂ ಇಷ್ಟಪಡ್ತಾರೆ, ಯಾರು ಎಲ್ರಿಗೂ ಇಷ್ಟ ಆಗ್ತಾರೆ ಅನ್ನೋದನ್ನ ಅದು ಸ್ವಲ್ಪ ಮಟ್ಟಿಗೆ ಹೇಳ್ತು. ಆದ್ರೆ ನಿಮಗೆ ನಿರ್ದಿಷ್ಟವಾಗಿ ಇವ್ರೇ ಇಷ್ಟ ಆಗ್ತಾರೆ ಅನ್ನೋದನ್ನ ಹೇಳೋಕೇ ಆಗ್ಲಿಲ್ಲ. ನಾವು ಹೊಂದಾಣಿಕೆ ಅಂತ ಕರೆಯೋದು ಅದನ್ನೇ ಅಲ್ವಾ?

ಒಂದೇ ತರ ಸ್ವಭಾವ ಇದ್ರೆ ಚೆನ್ನಾಗಿರತ್ತೆ ಅನ್ನೋದೂ ಹಾಗೇ. 2010ರ ಒಂದು ಅಧ್ಯಯನ ಆಸ್ಟ್ರೇಲಿಯ, ಬ್ರಿಟನ್, ಜರ್ಮನಿಯ 20 ಸಾವಿರಕ್ಕೂ ಹೆಚ್ಚು ಗಂಡ ಹೆಂಡಿರನ್ನ ನೋಡ್ತು, ಸ್ವಭಾವ ಒಂದೇ ತರ ಇರೋದ್ರಿಂದ ಸಂತೋಷದಲ್ಲಿ ಆಗೋ ವ್ಯತ್ಯಾಸ ಅರ್ಧ ಪರ್ಸೆಂಟಿಗಿಂತ ಕಮ್ಮಿ ಅಂತ ಬಂತು. 2020ರಲ್ಲಿ ಜೋಯೆಲ್ ಮತ್ತೆ ಎಂಬತ್ತಕ್ಕೂ ಹೆಚ್ಚು ಸಂಶೋಧಕರು 43 ಅಧ್ಯಯನಗಳ 11 ಸಾವಿರಕ್ಕೂ ಹೆಚ್ಚು ಜೋಡಿಗಳ ಮಾಹಿತಿ ಒಟ್ಟು ಮಾಡಿದ್ರು. ಅಲ್ಲಿ ಕೆಲಸಕ್ಕೆ ಬಂದ ವಿಷಯಗಳು ಯಾವ್ದು ಅಂದ್ರೆ, ಎದುರಿನೋರು ನನ್ನ ಜೊತೆ ನಿಲ್ತಾರೆ ಅನ್ನೋ ನಂಬಿಕೆ, ಅವ್ರು ಮಾಡಿದ್ದಕ್ಕೆ ನನಗಿರೋ ಮೆಚ್ಚುಗೆ, ದೈಹಿಕ ಸಂಬಂಧದ ತೃಪ್ತಿ, ಜಗಳ ಎಷ್ಟು ಆಗತ್ತೆ. ಇದ್ಯಾವ್ದೂ ಫಾರಂ ತುಂಬೋ ದಿನ ಇರೋದೇ ಇಲ್ಲ, ಇಬ್ರು ಸೇರಿದ್ಮೇಲೆ ಹುಟ್ಟೋ ವಿಷಯಗಳು.

ನನ್ನ ಅನುಭವ ಹೇಳ್ತೀನಿ. 94% ಬಂದಿದ್ದ ಹುಬ್ಬಳ್ಳಿ ಕಡೆಯವ್ರೊಬ್ರ ಜೊತೆ ಏಳು ತಿಂಗಳು ಇದ್ದೆ, ಓದೋ ಪುಸ್ತಕ, ರಾಜಕೀಯ, ಊಟ, ಎಲ್ಲ ಒಂದೇ ತರ, ತುಂಬ ಒಳ್ಳೆ ಮನುಷ್ಯ. ಆ ಹೊತ್ತಲ್ಲಿ ನಮ್ಮಪ್ಪಂಗೆ ಸ್ಟ್ರೋಕ್ ಆಯ್ತು, ನಾನು ಪ್ರತಿ ಶುಕ್ರವಾರ ರಾತ್ರಿ ಹಾಸನದ ಬಸ್ಸು ಹತ್ತೋಳು, ಅವ್ರಿಗೆ ಜರ್ಮನಿಗೆ ಹೋಗೋ ಅವಕಾಶ ಬಂತು, ಇಬ್ರೂ ಅವರವರ ಜಾಗದಲ್ಲಿ ಸರಿಯಾಗೇ ಇದ್ವಿ. ಹೆತ್ತೋರು ಹಾಸಿಗೆ ಹಿಡಿದ್ರೆ ನೀವೇನ್ ಮಾಡ್ತೀರಿ ಅಂತ ಆ ಆ್ಯಪ್ ನಮ್ಮಿಬ್ರನ್ನೂ ಕೇಳಿರ್ಲಿಲ್ಲ, ಕೇಳಿದ್ರೂ ಆಗ ನಮಗೆ ಉತ್ತರ ಗೊತ್ತಿರ್ಲಿಲ್ಲ.

ಅಂಕಿ ನೋಡಿದ್ ತಕ್ಷಣ ಮನಸ್ಸು ವಾಲತ್ತಲ್ಲ, ಅದೂ ಸುಳ್ಳಾ?

ವಾಲೋದು ನಿಜ, ಅದೇ ಭಯ ಪಡಬೇಕಾದ ವಿಷಯ. 2014ರಲ್ಲಿ ಓಕೆಕ್ಯುಪಿಡ್‌ನವ್ರೇ ಒಪ್ಕೊಂಡಿದ್ದಾರೆ, ನಿಜವಾಗಿ 30% ಇದ್ದ ಕೆಲವು ಜೋಡಿಗೆ ಬೇಕಂತಲೇ 90% ಅಂತ ತೋರಿಸಿದ್ರಂತೆ. ಸರಿಯಾಗಿ 30 ಅಂತ ತೋರಿಸಿದಾಗ ನೂರು ಮೊದಲ ಮೆಸೇಜಲ್ಲಿ 10 ಮಾತ್ರ ನಾಲ್ಕು ಮೆಸೇಜ್ ತನಕ ಬೆಳೀತಿತ್ತು, 90 ಅಂತ ಸುಳ್ಳು ತೋರಿಸಿದಾಗ 17 ಆಯ್ತು. ನಿಜವಾಗಿ 90 ಇದ್ದು 30 ಅಂತ ತೋರಿಸಿದೋರಿಗೆ 16. ಅಂದ್ರೆ ಲೆಕ್ಕ ಹೇಳಿದ್ದಕ್ಕೆ ಎಷ್ಟು ಬೆಲೆಯೋ ಲೆಕ್ಕದ ಮೇಲಿನ ನಂಬಿಕೆಗೂ ಹೆಚ್ಚುಕಮ್ಮಿ ಅಷ್ಟೇ ಬೆಲೆ. ಜನರ ಮನಸ್ಸಿನ ಮೇಲೆ ಹೇಳ್ದೆ ಕೇಳ್ದೆ ಇಂಥ ಪ್ರಯೋಗ ಮಾಡಿದ್ದು ತಪ್ಪು ಅಂತ್ಲೇ ನಾನು ಅನ್ಕೊಂಡಿರೋದು. "ವೈಜ್ಞಾನಿಕವಾಗಿ ಸಾಬೀತಾಗಿದೆ" ಅಂತ ಯಾರಾದ್ರೂ ಜಾಹೀರಾತು ಹಾಕಿದ್ರೆ ನಂಬಬೇಡಿ, ಇ-ಹಾರ್ಮನಿ ಲಂಡನ್ನಿನ ಮೆಟ್ರೋದಲ್ಲಿ ಹಾಕಿದ್ದ ಅಂಥ ಜಾಹೀರಾತನ್ನ ಬ್ರಿಟನ್ನಿನ ಜಾಹೀರಾತು ನಿಯಂತ್ರಕರು 2018ರಲ್ಲಿ ನಿಲ್ಲಿಸಿದ್ರು, ಸಾಕ್ಷಿ ಸಾಲಲ್ಲ ಅಂತ.

ಹಾಗಾದ್ರೆ ಅಷ್ಟೊಂದು ಪ್ರಶ್ನೆಗೆ ಉತ್ತರ ಕೊಡೋದು ವೇಸ್ಟ್ ಅಲ್ವಾ?

ವೇಸ್ಟ್ ಅಲ್ಲ. ಅದನ್ನ ಜರಡಿ ತರ ಬಳಸಿ. ಜರಡಿ ಹೊಟ್ಟು ತೆಗೆಯತ್ತೆ, ರೊಟ್ಟಿ ತಟ್ಟಿ ಕೊಡಲ್ಲ. ಮಕ್ಕಳು ಬೇಡವೇ ಬೇಡ ಅನ್ನೋರು, ಮಕ್ಕಳಿಲ್ದೆ ಆಗಲ್ಲ ಅನ್ನೋರು, ಇವರಿಬ್ರು ಆರು ತಿಂಗಳು ಕಾಫಿ ಕುಡಿದು ಆಮೇಲೆ ಅತ್ತು ಬೇರೆ ಆಗೋದನ್ನ ಒಂದು ಪ್ರಶ್ನೆ ತಪ್ಪಿಸತ್ತೆ. ಅಷ್ಟು ಸಾಕು ನನ್ನ ಪ್ರಕಾರ. ಯಾರನ್ನ ಭೇಟಿ ಆಗಬಾರದು ಅನ್ನೋದಕ್ಕೆ ಪರ್ಸೆಂಟೇಜ್ ನೋಡಿ, ಯಾರನ್ನ ಮದುವೆ ಆಗ್ಬೇಕು ಅನ್ನೋದಕ್ಕೆ ನೋಡಬೇಡಿ. ನಾನು 70ರ ಮೇಲಿದ್ರೆ 71ಕ್ಕೂ 95ಕ್ಕೂ ಭೇದ ಮಾಡ್ತಿರ್ಲಿಲ್ಲ.

ಯಾವ ಪ್ರಶ್ನೆಗಳಿಗೆ ನಿಜವಾಗ್ಲೂ ಗಮನ ಕೊಡ್ಬೇಕು?

ಈ ಆ್ಯಪ್‌ಗಳ ಪ್ರಶ್ನೆ ಬಹಳಷ್ಟು ಅಮೆರಿಕದಲ್ಲಿ ಹುಟ್ಟಿದ್ದು, ನಮ್ಮ ಕಡೆ ಸಂಸಾರ ಎಲ್ಲಿ ಒದ್ದಾಡತ್ತೆ ಅಂತ ಅವಕ್ಕೆ ಗೊತ್ತಿಲ್ಲ. ಅವು ಕೇಳದೇ ಇದ್ರೂ ಮೊದಲ ಎರಡು ಮೂರು ಭೇಟಿಯೊಳಗೆ ನೀವೇ ಕೇಳಿ. ಮದುವೆ ಆದ್ಮೇಲೆ ಅಪ್ಪ ಅಮ್ಮನ ಜೊತೆ ಇರೋದಾ, ಪಕ್ಕದ ಬೀದಿಯಲ್ಲಾ, ಬೇರೆ ಊರಲ್ಲಾ. ಸಂಬಳದಲ್ಲಿ ಮನೆಗೆಷ್ಟು ಕಳಿಸ್ತೀರಿ, ತಂಗಿ ಮದುವೆ ಸಾಲ, ಹೋಮ್ ಲೋನ್ ಏನಾದ್ರೂ ಇದ್ಯಾ (ಇದನ್ನ ಕೇಳೋಕೆ ನಾಚಿಕೆ ಪಡ್ತೀವಿ, ಆಮೇಲೆ ಐದು ವರ್ಷ ಅದರ ಬಗ್ಗೆಯೇ ಜಗಳ ಆಡ್ತೀವಿ). ಮನೆಯಲ್ಲಿ ನಾನ್‌ವೆಜ್ ಮಾಡಬಹುದಾ, ಹೊರಗೆ ಮಾತ್ರಾನಾ. ಹಬ್ಬ, ಮಡಿ, ಮುಟ್ಟು ಇವುಗಳ ಬಗ್ಗೆ ಮನೆ ರೂಢಿ ಏನು, ನೀವೇನು ಮಾಡ್ತೀರಿ, ಎರಡೂ ಬೇರೆ ಬೇರೆ ಕೇಳಿ. ಅಡುಗೆ ಯಾರು ಮಾಡ್ತಾರೆ. ಮನೇಲಿ ಯಾವ ಭಾಷೆ, ಮಕ್ಕಳಿಗೆ ಯಾವ ಭಾಷೆ.

ಜಾತಿ ಬಗ್ಗೆ ನೇರವಾಗೇ ಹೇಳ್ತೀನಿ. ಪ್ರೊಫೈಲಲ್ಲಿ ಜಾತಿ ಮುಖ್ಯ ಅಲ್ಲ ಅಂತ ಹಾಕಿ ಎರಡು ವರ್ಷ ಆದ್ಮೇಲೆ "ಮನೇಲಿ ಒಪ್ತಿಲ್ಲ" ಅಂತ ಕೈ ಬಿಡೋರನ್ನ ನಾನು ಕಣ್ಣಾರೆ ನೋಡಿದೀನಿ, ಬಿಟ್ಟೋರಿಗಿಂತ ಬಿಡಿಸ್ಕೊಂಡೋರ ಗಾಯ ದೊಡ್ಡದು. ಹಾಗಾಗಿ "ನಿನಗೆ ಮುಖ್ಯನಾ" ಅಂತ ಕೇಳಬೇಡಿ, "ಮನೇಲಿ ಬೇಡ ಅಂದ್ರೆ ನೀನೇನ್ ಮಾಡ್ತೀಯ" ಅಂತ ಕೇಳಿ. ಉತ್ತರಕ್ಕೆ ಮುಂಚೆ ಅವ್ರು ಎಷ್ಟು ಹೊತ್ತು ಸುಮ್ನಿದ್ರು ಅನ್ನೋದನ್ನೂ ಗಮನಿಸಿ.

ಸ್ವಲ್ಪ ಚೆನ್ನಾಗಿ ಕಾಣೋ ಹಾಗೆ ಉತ್ತರ ಕೊಟ್ರೆ ತಪ್ಪೇನು?

ಲೆಕ್ಕಕ್ಕೆ ನೀವು ಕೊಟ್ಟ ಉತ್ತರ ಬಿಟ್ರೆ ಬೇರೇನೂ ಗೊತ್ತಿಲ್ಲ. ವಾರಕ್ಕೆ ಮೂರು ದಿನ ಕುಡಿಯೋರು "ಯಾವಾಗ್ಲಾದ್ರೂ" ಅಂತ ಹಾಕಿದ್ರೆ, ಕುಡಿತ ಆಗದ ಮನೆಯವ್ರೇ ನಿಮಗೆ ಹೊಂದ್ತಾರೆ ಅಂತ ಅದು ತೋರ್ಸತ್ತೆ, ನೀವೇ ನಿಮ್ಮ ದಾರಿಗೆ ಮುಳ್ಳು ಹಾಕ್ಕೊಂಡ ಹಾಗೆ. ಎತ್ತರ, ವಯಸ್ಸು ಅಂತೂ ಮೊದಲ ಭೇಟಿಯಲ್ಲೇ ಗೊತ್ತಾಗತ್ತೆ. ಇನ್ನೊಂದು, ಎಲ್ಲದಕ್ಕೂ "ತುಂಬಾ ಮುಖ್ಯ" ಒತ್ತಬೇಡಿ, ಆಗ ಯಾವುದೂ ಮುಖ್ಯ ಅಲ್ಲ ಅಂದ ಹಾಗಾಗತ್ತೆ. ನಾಲ್ಕೈದಕ್ಕೆ ಮಾತ್ರ ಇಡಿ.

ಮ್ಯಾಟ್ರಿಮೋನಿಗೂ ಇದಕ್ಕೂ ಏನು ವ್ಯತ್ಯಾಸ? ಕನ್ನಡದವ್ರೇ ಬೇಕು ಅಂದ್ರೆ?

ಮ್ಯಾಟ್ರಿಮೋನಿ ಸೈಟಲ್ಲಿ ಬಹಳ ಸಲ ಪ್ರೊಫೈಲ್ ನಡೆಸೋದು ಅಪ್ಪನೋ ಅಕ್ಕನೋ, ಹುಡುಕೋದು ಜಾತಿ, ಉಪಜಾತಿ, ನಕ್ಷತ್ರ, ಸಂಬಳ ಅಂತ, ಮೊದಲ ಫೋನೇ ದೊಡ್ಡೋರು ದೊಡ್ಡೋರು ಮಾತಾಡೋದು. ಡೇಟಿಂಗ್ ಆ್ಯಪಲ್ಲಿ ನೀವೇ ಇರ್ತೀರಿ, ಮದುವೆ ಅನ್ನೋ ಮಾತು ಯಾವಾಗ ಬರತ್ತೆ ಬರತ್ತಾ ಅನ್ನೋದೂ ನಿಮ್ಮಿಬ್ರ ನಡುವೆ. ಒಂದು ಕೆಟ್ಟದ್ದು ಇನ್ನೊಂದು ಒಳ್ಳೇದು ಅಂತ ನಾನು ಹೇಳಲ್ಲ, ಎರಡರಲ್ಲೂ ಸಿಕ್ಕಿ ಚೆನ್ನಾಗಿರೋರು ನನ್ನ ಮನೆಯಲ್ಲೇ ಇದಾರೆ. ಇವೆರಡರ ಮಧ್ಯದ ಜಾಗಕ್ಕೆ ಅಂತ ಬೆಂಗಳೂರಲ್ಲೇ 2014ರಲ್ಲಿ ಐಲ್ ಅನ್ನೋ ಆ್ಯಪ್ ಶುರುವಾಯ್ತು, ಆಮೇಲೆ ಅವ್ರು ಮಲಯಾಳಿಗಳಿಗೆ ಅರಿಕೆ, ತಮಿಳಿಗೆ ಅನ್ಬೆ, ತೆಲುಗಿಗೆ ನೀತೋ, ನಮಗೆ ನೀನೆ ಅಂತ ಬೇರೆ ಬೇರೆ ಆ್ಯಪ್ ತಂದ್ರು. ಬಂಬಲ್, ಓಕೆಕ್ಯುಪಿಡ್ ಎರಡೂ 2018ರಲ್ಲಿ ಇಂಡಿಯಾಗೆ ಬಂದಿದ್ದು. ದೊಡ್ಡ ಆ್ಯಪಲ್ಲಿದ್ರೆ ಬಯೋನ ಕನ್ನಡದಲ್ಲೇ ಎರಡು ಸಾಲು ಬರೀರಿ, ಫಿಲ್ಟರಿಗಿಂತ ಅದು ಚೆನ್ನಾಗಿ ಕೆಲಸ ಮಾಡತ್ತೆ, ಓದಕ್ಕೆ ಬರೋರು ತಾವಾಗೇ ಕನ್ನಡದಲ್ಲಿ ಮಾತು ಶುರು ಮಾಡ್ತಾರೆ. ನಮ್ಮನೆಯವ್ರು ಹಾಕಿದ ಮೊದಲ ಮೆಸೇಜು "ಸಕಲೇಶಪುರದ ಮಳೆ ಬಗ್ಗೆ ಬರ್ದಿದೀರಲ್ಲ, ಯಾವ ಊರು ನಿಮ್ದು" ಅಂತ.

ದುಡ್ಡು ಕೊಟ್ರೆ ಒಳ್ಳೆ ಮ್ಯಾಚ್ ಸಿಗತ್ತಾ?

ದುಡ್ಡು ಕೊಟ್ರೆ ಹೆಚ್ಚು ಜನಕ್ಕೆ ಕಾಣ್ತೀರಿ, ನಿಮಗೆ ಯಾರು ಲೈಕ್ ಕೊಟ್ಟಿದಾರೆ ಅಂತ ಕಾಣತ್ತೆ, ಫಿಲ್ಟರ್ ಜಾಸ್ತಿ ಸಿಗತ್ತೆ. ಹೊಂದಾಣಿಕೆ ಜಾಸ್ತಿ ಆಗಲ್ಲ. ನಮ್ಮಲ್ಲಿ ಈ ಆ್ಯಪ್‌ಗಳಲ್ಲಿ ಹುಡುಗರೇ ತುಂಬ ಹೆಚ್ಚು, ಹಾಗಾಗಿ ಹುಡುಗರಿಗೆ ವಾರಗಟ್ಟಲೆ ಏನೂ ಬರದೇ ಇರೋದು ಮಾಮೂಲಿ, ಅದನ್ನ ನಿಮ್ಮ ಯೋಗ್ಯತೆಯ ತೀರ್ಪು ಅಂತ ತಗೋಬೇಡಿ. ಇಲ್ಲಿ ನೋವಾಗಿ ಕೂತ ಒಳ್ಳೆ ಹುಡುಗರನ್ನ ನಾನು ನೋಡಿದೀನಿ. ಕನ್ನಡಿ ಮುಂದಿನ ಸೆಲ್ಫಿ ತೆಗೆದ್ಹಾಕಿ ಯಾರಾದ್ರೂ ಫ್ರೆಂಡ್ ಹತ್ರ ಹಗಲು ಬೆಳಕಲ್ಲಿ ನಾಲ್ಕು ಫೋಟೋ ತೆಗೆಸ್ಕೊಳ್ಳಿ, ದುಡ್ಡು ಕೊಡೋದಕ್ಕಿಂತ ಅದೇ ಹೆಚ್ಚು ಉಪಯೋಗ.

ಕೊಡೋದೇ ಆದ್ರೆ ಒಂದು ತಿಂಗಳಿಗೆ ಮಾತ್ರ ಕೊಡಿ. ಒಂದು ಆ್ಯಪ್ ಮೂರು ತಿಂಗಳು ನನ್ನ ಅಕೌಂಟಿಂದ ತಾನಾಗೇ ಕಟ್ ಮಾಡ್ತಿತ್ತು, ನಾನು ಆ್ಯಪ್ ತೆಗೆದ್ಹಾಕಿದ್ರೆ ಸಬ್‌ಸ್ಕ್ರಿಪ್ಷನ್ನೂ ಹೋಯ್ತು ಅನ್ಕೊಂಡಿದ್ದೆ, ದುಡ್ಡು ವಾಪಸ್ ಬರ್ಲಿಲ್ಲ. ಪ್ಲೇ ಸ್ಟೋರಲ್ಲಿ ಸಬ್‌ಸ್ಕ್ರಿಪ್ಷನ್ಸ್ ಅಂತ ಇರತ್ತೆ, ಅಲ್ಲಿ ಕ್ಯಾನ್ಸಲ್ ಮಾಡಿ, ಯುಪಿಐ ಆ್ಯಪಲ್ಲಿ ಆಟೋಪೇ ಒಳಗೆ ಹೋಗಿ ಅಲ್ಲೂ ತೆಗೀರಿ.

ಎಷ್ಟು ದಿನ ಚಾಟ್ ಮಾಡಿ ಭೇಟಿ ಆಗ್ಬೇಕು? ಎಲ್ಲಿ?

ಎರಡು ವಾರ ಸಾಕು. ಮೊದಲು ಒಂದು ವೀಡಿಯೋ ಕಾಲ್ ಮಾಡಿ, ಮುಖ ದನಿ ಎರಡೂ ಗೊತ್ತಾಗತ್ತೆ, ಫೋಟೋ ಅವ್ರದ್ದೇನಾ ಅಂತಲೂ ಗೊತ್ತಾಗತ್ತೆ. ತಿಂಗಳುಗಟ್ಟಲೆ ಚಾಟ್ ಮಾಡಿದ್ರೆ ನಿಮ್ಮ ತಲೇಲಿ ಒಬ್ಬ ಮನುಷ್ಯನ್ನ ನೀವೇ ಕಟ್ಕೊಂಡ್‌ಬಿಡ್ತೀರಿ, ಎದುರಿಗೆ ಬಂದೋರು ಅವ್ರಲ್ಲ ಅನ್ಸಿದಾಗ ಬೇಜಾರು ಇಬ್ರಿಗೂ. ಮೊದಲ ಭೇಟಿ ಹಗಲು ಹೊತ್ತಲ್ಲಿ, ಜನ ಇರೋ ಕಡೆ, ಒಂದು ಗಂಟೆಯೊಳಗೆ ಮುಗಿಯೋ ಹಾಗೆ. ಕಬ್ಬನ್ ಪಾರ್ಕ್ ಮೆಟ್ರೋ ಹತ್ರ, ಲಾಲ್‌ಬಾಗಲ್ಲಿ ಬೆಳಗ್ಗೆ, ನಿಮ್ಮ ಏರಿಯಾದ ದರ್ಶಿನಿ ಬೇಡ, ಇನ್ನೊಂದು ಏರಿಯಾದ್ದು. ನಿಮ್ಮ ಗಾಡೀಲಿ ಅಥವಾ ಮೆಟ್ರೋದಲ್ಲಿ ನೀವೇ ಹೋಗಿ ನೀವೇ ವಾಪಸ್ ಬನ್ನಿ, ಮನೆ ಗೇಟ್ ತನಕ ಡ್ರಾಪ್ ಬೇಡ. ಒಬ್ರು ಫ್ರೆಂಡಿಗೆ ಲೈವ್ ಲೊಕೇಶನ್ ಹಾಕಿ. ಹಾಸನ, ದಾವಣಗೆರೆ ಅಂಥ ಊರಲ್ಲಿ ಎಲ್ಲಿ ಕೂತ್ರೂ ಮಾವನ ಸ್ನೇಹಿತ್ರು ಒಬ್ರು ಕಾಣ್ತಾರೆ, ಅಲ್ಲಿರೋ ಹುಡುಗೀರು ಬಹಳಷ್ಟು ಜನ ಪಕ್ಕದ ದೊಡ್ಡ ಊರಿಗೆ ಬಂದು ಭೇಟಿ ಆಗ್ತಾರೆ. ಅವ್ರಿಗೆ ಇದೆಷ್ಟು ಕಷ್ಟ ಅಂತ ಎದುರಿನೋರಿಗೆ ಅರ್ಥ ಆಗ್ಬೇಕು, ಅರ್ಥ ಮಾಡ್ಕೊಳ್ದೆ "ಬರಕ್ಕೇನು ಕಷ್ಟ" ಅನ್ನೋರು ಮೊದಲೇ ಬೇಡ.

ಮೋಸ ಹೇಗೆ ಗುರುತಿಸೋದು?

ಪ್ರೊಫೈಲ್‌ಗೆ ನೀಲಿ ಟಿಕ್ ಇದ್ರೆ ಫೋಟೋದಲ್ಲಿರೋರೇ ಅಕೌಂಟ್ ನಡೆಸ್ತಿದಾರೆ ಅಂತ ಮಾತ್ರ ಅರ್ಥ, ಮದುವೆ ಆಗಿಲ್ಲ ಅಂತಾನೋ ಒಳ್ಳೆಯೋರು ಅಂತಾನೋ ಅಲ್ಲ. ಮಾತು ಶುರುವಾಗಿ ಎರಡೇ ದಿನಕ್ಕೆ ವಾಟ್ಸಾಪ್, ಟೆಲಿಗ್ರಾಂಗೆ ಬನ್ನಿ ಅಂತಾರೆ, ವೀಡಿಯೋ ಕಾಲಿಗೆ ಸಿಗಲ್ಲ, ವಿದೇಶದಲ್ಲಿ ಡಾಕ್ಟರ್ ಅಥವಾ ಹಡಗಲ್ಲಿ ಇಂಜಿನಿಯರ್ ಅಂತಾರೆ, ಗಿಫ್ಟ್ ಕಳಿಸಿದೀನಿ ಕಸ್ಟಮ್ಸಲ್ಲಿ ಸಿಕ್ಕಾಕ್ಕೊಂಡಿದೆ ದುಡ್ಡು ಕಟ್ಟಿ ಅಂತ ಫೋನ್ ಬರತ್ತೆ. ಈಚೆಗೆ ಜಾಸ್ತಿ ಆಗಿರೋದು ಕ್ರಿಪ್ಟೋ, ಶೇರ್ ಟ್ರೇಡಿಂಗ್. ವಾರಗಟ್ಟಲೆ ಪ್ರೀತಿಯಿಂದ ಮಾತಾಡಿ, ತಾನು ಸಂಪಾದಿಸಿದ್ದು ತೋರಿಸಿ, ನೀನೂ ಸ್ವಲ್ಪ ಹಾಕು ಅಂತ ಒಂದು ಆ್ಯಪ್ ಲಿಂಕ್ ಕೊಡ್ತಾರೆ, ಮೊದಲು ಸ್ವಲ್ಪ ವಾಪಸ್ ಬರತ್ತೆ, ದೊಡ್ಡ ಮೊತ್ತ ಹಾಕಿದ್ಮೇಲೆ ಎಲ್ಲ ಮಾಯ. ದೆಹಲಿ, ಮುಂಬೈ, ಹೈದರಾಬಾದಲ್ಲಿ ಹುಡುಗಿ ಕರೆದ ಪಬ್ಬಿಗೇ ಹೋಗಿ ಸಾವಿರಾರು ರೂಪಾಯಿ ಬಿಲ್ ಕಟ್ಟಿದ ಹುಡುಗರ ಸುದ್ದಿ ಬಂದಿದ್ದೂ ಇಂಥದ್ದೇ, ಹಾಗಾಗಿ ಜಾಗ ನೀವೂ ಸೇರಿ ನಿರ್ಧಾರ ಮಾಡಿ. ಬರೀ ಪ್ರೀತಿಗೋಸ್ಕರ ಮಾತಾಡೋರು ನಿಮ್ಮ ದುಡ್ಡಿನ ವಿಷಯಕ್ಕೆ ಬರೋ ಅಗತ್ಯಾನೇ ಇಲ್ಲ.

ದುಡ್ಡು ಹೋಗಿದ್ರೆ ನಾಚಿಕೆ ಪಡ್ತಾ ಕೂರಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಮ್ ಪೋರ್ಟಲಲ್ಲೂ ದೂರು ಹಾಕಿ, ಬೇಗ ಹೇಳಿದಷ್ಟೂ ಆ ದುಡ್ಡು ಹೋದ ಅಕೌಂಟ್ ತಡೆ ಹಿಡಿಯೋ ಸಾಧ್ಯತೆ ಹೆಚ್ಚು. ವೀಡಿಯೋ ಕಾಲಲ್ಲಿ ರೆಕಾರ್ಡ್ ಮಾಡಿ ಮನೆಯವ್ರಿಗೆ ಕಳಿಸ್ತೀನಿ ಅಂತ ಬೆದರಿಸ್ತಿದ್ರೆ ಒಂದು ರೂಪಾಯಿನೂ ಕೊಡಬೇಡಿ, ಕೊಟ್ರೆ ಮತ್ತೆ ಕೇಳ್ತಾರೆ. ಚಾಟ್ ಡಿಲೀಟ್ ಮಾಡಬೇಡಿ, ಅದೇ ಸಾಕ್ಷಿ. ಖಾಸಗಿ ಫೋಟೋ ಹರಡದ ಹಾಗೆ ತಡೆಯೋಕೆ ಸ್ಟಾಪ್ ಎನ್‌ಸಿಐಐ ಅನ್ನೋ ಉಚಿತ ಸೇವೆ ಇದೆ, ಫೋಟೋ ನಿಮ್ಮ ಫೋನಲ್ಲೇ ಇದ್ದು ಅದರ ಡಿಜಿಟಲ್ ಗುರುತು ಮಾತ್ರ ಹೋಗತ್ತೆ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಅಂಥವು ಅದನ್ನ ನೋಡಿ ತಡೀತವೆ. ಮನೇಲಿ ಯಾರಾದ್ರೂ ಒಬ್ರಿಗೆ ಅವತ್ತೇ ಹೇಳಿ. ಒಬ್ರೇ ಇದನ್ನ ಹೊತ್ಕೊಂಡು ಕೂತಿದ್ದಕ್ಕೇ ಜೀವ ಕಳ್ಕೊಂಡ ಮಕ್ಕಳಿದಾರೆ.

ಇಷ್ಟೆಲ್ಲ ಉತ್ತರ ಕೊಡ್ತೀವಲ್ಲ, ಅದು ಎಲ್ಲಿ ಹೋಗತ್ತೆ?

ನಿಮ್ಮ ಧರ್ಮ, ರಾಜಕೀಯ, ಲೈಂಗಿಕ ಇಷ್ಟ, ಕುಡಿತ, ಎಲ್ಲ ಒಂದು ಕಂಪನಿಯ ಸರ್ವರಲ್ಲಿ ಕೂರತ್ತೆ. 2015ರಲ್ಲಿ ಆಶ್ಲಿ ಮ್ಯಾಡಿಸನ್ ಅನ್ನೋ ಡೇಟಿಂಗ್ ಸೈಟ್ ಹ್ಯಾಕ್ ಆಗಿ ಕೋಟಿಗಟ್ಟಲೆ ಜನರ ವಿವರ ಬೀದಿಗೆ ಬಂತು. 2018ರಲ್ಲಿ ಗ್ರೈಂಡರ್ ಅನ್ನೋ ಗೇ ಡೇಟಿಂಗ್ ಆ್ಯಪ್ ತನ್ನ ಬಳಕೆದಾರರ ಎಚ್‌ಐವಿ ಸ್ಥಿತಿಯನ್ನ ಬೇರೆ ಎರಡು ಕಂಪನಿಗಳಿಗೆ ಕಳಿಸ್ತಿತ್ತು ಅಂತ ಬಯಲಾಯ್ತು. ನಮ್ಮಲ್ಲಿ 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಪಾಸಾಗಿದೆ, ಆದ್ರೂ ಎಚ್ಚರ ನಿಮ್ಮ ಕೈಯಲ್ಲೇ ಇರಲಿ. ಆಫೀಸ್ ಹೆಸರು, ಇನ್‌ಸ್ಟಾ ಐಡಿ ಪ್ರೊಫೈಲಲ್ಲಿ ಬೇಡ. ಇನ್‌ಸ್ಟಾದಲ್ಲಿ ಹಾಕಿರೋ ಫೋಟೋನೇ ಇಲ್ಲೂ ಹಾಕಿದ್ರೆ ಹುಡುಕೋದು ಸುಲಭ, ಬೇರೆ ಹಾಕಿ. ಬಹಿರಂಗವಾಗಿ ಕಾಣೋ ಉತ್ತರ ಯಾವುದು, ಗುಟ್ಟಾಗಿ ಇಡಬಹುದಾದ್ದು ಯಾವುದು ಅಂತ ಸೆಟ್ಟಿಂಗ್ಸಲ್ಲಿ ನೋಡ್ಕೊಳ್ಳಿ.

ಗೇ, ಲೆಸ್ಬಿಯನ್, ಟ್ರಾನ್ಸ್ ವ್ಯಕ್ತಿಗಳಿಗೆ ಇದು ಕೆಲಸ ಮಾಡತ್ತಾ?

ಬೇರೆ ದಾರಿಗಳು ಕಮ್ಮಿ ಇರೋದ್ರಿಂದ ಅವ್ರಿಗೇ ಇದು ಹೆಚ್ಚು ಬೇಕಾಗಿರೋದು. ಇ-ಹಾರ್ಮನಿ ಶುರುವಲ್ಲಿ ಗಂಡು ಹೆಣ್ಣಿನ ಜೋಡಿ ಮಾತ್ರ ಮಾಡ್ತಿತ್ತು, 2005ರಲ್ಲಿ ನ್ಯೂಜೆರ್ಸಿಯಲ್ಲಿ ಒಬ್ರು ದೂರು ಕೊಟ್ಟು, ರಾಜಿ ಆಗಿ, 2009ರಲ್ಲಿ ಬೇರೆ ಸೈಟ್ ತೆರೀಬೇಕಾಯ್ತು. ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸೆಕ್ಷನ್ 377ರ ವಿಷಯದಲ್ಲಿ ತೀರ್ಪು ಕೊಟ್ಮೇಲೆ ವಯಸ್ಕರ ನಡುವಿನ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧ ಅಲ್ಲ. 2023ರಲ್ಲಿ ಸಲಿಂಗ ಜೋಡಿಗಳಿಗೆ ಮದುವೆ ಹಕ್ಕು ಕೊಡೋಕೆ ಕೋರ್ಟ್ ಒಪ್ಪಲಿಲ್ಲ. ಬ್ಲ್ಯಾಕ್‌ಮೇಲ್ ಮಾಡೋರು ಮನೇಲಿ ಗೊತ್ತಿಲ್ಲದೇ ಇರೋರನ್ನೇ ಹುಡುಕ್ತಾರೆ, ಆದ್ರಿಂದ ಎಷ್ಟು ದೂರದಲ್ಲಿದೀರಿ ಅಂತ ತೋರಿಸೋ ಆಯ್ಕೆ ಆಫ್ ಮಾಡಿ, ಮೊದಲ ಸಲವೇ ಅವ್ರ ರೂಮಿಗೆ ಹೋಗಬೇಡಿ.

ಡಿವೋರ್ಸ್ ಆಗಿದೆ, ವಯಸ್ಸು 40 ದಾಟಿದೆ, ನಾನು ಇಲ್ಲಿ ಬರಬಹುದಾ?

ಬನ್ನಿ. ಡಿವೋರ್ಸ್, ಮಗು ಎರಡನ್ನೂ ಪ್ರೊಫೈಲಲ್ಲೇ ಹಾಕಿ, ಓಡಿಹೋಗೋರು ಮೊದಲೇ ಹೋಗ್ತಾರೆ. ಮಗುವಿನ ಫೋಟೋ ಮಾತ್ರ ಹಾಕಬೇಡಿ. ನನ್ನ ಆ ಕಾಲೇಜ್ ಫ್ರೆಂಡಿಗೆ ಜನ ಕಮ್ಮಿ ಸಿಕ್ರು, ಆದ್ರೆ ಸಿಕ್ಕೋರು ತಮಗೆ ಏನು ಬೇಕು ಅಂತ ಗೊತ್ತಿದ್ದೋರು.

ಮನೇಲಿ ಎಲ್ಲಿ ಸಿಕ್ಕಿದ್ರು ಅಂತ ಹೇಳೋದು?

ನಿಜ ಹೇಳಿ. ಅಮೆರಿಕದಲ್ಲಿ 2017ರಲ್ಲಿ ಒಂದಾದ ಗಂಡು ಹೆಣ್ಣು ಜೋಡಿಗಳಲ್ಲಿ 39% ಆನ್‌ಲೈನಲ್ಲೇ ಸಿಕ್ಕಿದ್ದು ಅಂತ ಸ್ಟ್ಯಾನ್‌ಫರ್ಡಿನ ಅಧ್ಯಯನ ಹೇಳತ್ತೆ, ಆದ್ರೆ ಆ ಅಂಕಿ ಅಮ್ಮನ ಮುಂದೆ ಉಪಯೋಗಕ್ಕೆ ಬರಲ್ಲ. "ಕಾಮನ್ ಫ್ರೆಂಡ್" ಅಂತ ಹೇಳಿ ಆಮೇಲೆ ಆ ಫ್ರೆಂಡ್ ಯಾರು ಅಂತ ಹುಟ್ಟಿಸ್ಬೇಕಾದ ಪಾಡು ಬೇಡ. ನಾನು ಅಮ್ಮಂಗೆ ಹೇಳಿದಾಗ ಅವ್ರು ಕೇಳಿದ ಮೊದಲ ಪ್ರಶ್ನೆ "ಅಲ್ಲಿ ಇರೋರೆಲ್ಲ ಎಂಥವ್ರೋ ಏನೋ, ಹೇಗೆ ನಂಬೋದು" ಅಂತ. ನಾನು ವಾದ ಮಾಡ್ಲಿಲ್ಲ, ಅಮ್ಮಾ ನೀನೇ ಒಂದ್ಸಲ ಮಾತಾಡ್ಸು ಅಂದೆ, ನಮ್ಮನೆಯವ್ರು ಹಾಸನಕ್ಕೆ ಬಂದು ಅಪ್ಪನ ಪಕ್ಕ ಎರಡು ಗಂಟೆ ಕೂತು, ಅಪ್ಪ ನಿಧಾನಕ್ಕೆ ತೊದಲ್ತಾ ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿದ್ರು. ಅದಾದ್ಮೇಲೆ ಅಮ್ಮ ಆ್ಯಪ್ ಬಗ್ಗೆ ಮತ್ತೆ ಕೇಳ್ಲಿಲ್ಲ. ಬೇರೆ ಜಾತಿ, ಬೇರೆ ಧರ್ಮ ಆಗಿದ್ರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, ಅದರಲ್ಲಿ 30 ದಿನ ಮುಂಚೆ ನೋಟಿಸ್ ಕೊಡ್ಬೇಕು, ಅದನ್ನ ಕಚೇರೀಲಿ ಹಾಕ್ತಾರೆ, ಮನೆಯವ್ರ ವಿರೋಧ ಇದ್ರೆ ಮೊದಲೇ ಒಬ್ರು ವಕೀಲರನ್ನ ಕೇಳಿ.

ಜೋಡಿ ಸಿಕ್ತು, ಈಗ ಆ್ಯಪ್ ತೆಗೆದ್ರೆ ಸಾಕಲ್ವಾ?

ಸಾಕಾಗಲ್ಲ. ಫೋನಿಂದ ಅನ್‌ಇನ್‌ಸ್ಟಾಲ್ ಮಾಡಿದ್ರೆ ಐಕಾನ್ ಹೋಗತ್ತೆ, ಪ್ರೊಫೈಲ್ ಅಲ್ಲೇ ಇರತ್ತೆ, ಬೇರೆಯವ್ರಿಗೆ ಕಾಣ್ತಾನೂ ಇರಬಹುದು. ಎಂಗೇಜ್‌ಮೆಂಟ್ ಆದ್ಮೇಲೆ ಯಾರೋ ಸಂಬಂಧಿಕರು "ನಿಮ್ಮ ಹುಡುಗ ಇನ್ನೂ ಆ್ಯಪಲ್ಲಿದಾನೆ" ಅಂತ ಸ್ಕ್ರೀನ್‌ಶಾಟ್ ಕಳಿಸಿ ಎರಡು ಮನೆ ಮಧ್ಯೆ ರಾದ್ಧಾಂತ ಆಗಿದ್ದು ನಮ್ಮ ಬಳಗದಲ್ಲೇ ಇದೆ, ಆ ಹುಡುಗ ಆ್ಯಪ್ ತೆರೆದು ವರ್ಷ ಆಗಿತ್ತು ಪಾಪ. ಮೊದಲು ಸಬ್‌ಸ್ಕ್ರಿಪ್ಷನ್ ಕ್ಯಾನ್ಸಲ್ ಮಾಡಿ, ಆಮೇಲೆ ಸೆಟ್ಟಿಂಗ್ಸಿಗೆ ಹೋಗಿ ಡಿಲೀಟ್ ಅಕೌಂಟ್ ಅನ್ನೋದನ್ನೇ ಒತ್ತಿ, ಪಾಜ್ ಅಥವಾ ಹೈಡ್ ಅಂತ ಇದ್ರೆ ಅದಲ್ಲ. ಇಬ್ರೂ ಒಟ್ಟಿಗೆ ಕೂತು ಮಾಡಿ. ಹಾಂ, ಒಬ್ರಿಗೊಬ್ರು ಕಳಿಸಿದ ಮೊದಲ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಅದಕ್ಕೆ ಮುಂಚೆ ತೆಗೆದಿಟ್ಕೊಳ್ಳಿ, ಡಿಲೀಟ್ ಆದ್ಮೇಲೆ ಅವು ವಾಪಸ್ ಸಿಗಲ್ಲ.